ಅದು ಆಟಿಗಿ ಸಾಮಾನಲ್ರೀ, ಅಕ್ಕಾವ್ರ

ಶ್ರಾವಣದ ಎರಡನೇ ಶುಕ್ರವಾರ ನಮ್ಮ ಓಣಿಯ ಕಡೇ ಮನ್ಯಾಗ ಅರಿಷಿಣ-ಕುಂಕಮಕ್ಕ ಹೋಗಿದ್ದೆ. ಉಡಿ ತುಂಬಿಸ್ಕೊಂಡು ಕೋಸಂಬರಿ ತಿನ್ಕೋತ ಕೂತಾಗ ಒಬ್ಬಾಕಿ ಕೇಳಿದ್ಲು, "ಏನ್ರಿ ವೈನಿ, ನಿಮ್ಮನಿಯವ್ರು ಈ ವಯಸ್ಸಿನಾಗ ಹೆಲಿಕಾಪ್ಟರ್ ಆಟಾ ಆಡ್ಲಿಕ್ಕತ್ತಾರಂತ? ಮೊಮ್ಮಗಂದು ಕಸಗೊಂಡಾರೇನು?" ಎಲ್ಲಾರೂ ನಕ್ರು. ನಾನೂ ನಕ್ಕೆ. "ಏನ್ ಮಾಡೂದವ್ವಾ, ರಿಟೈರ್ ಆದ ಮ್ಯಾಲೆ ಎರಡನೇ ಬಾಲ್ಯ" ಅಂತ ನಾನ ಇನ್ನೊಂದು ಮಾತು ಸೇರಿಸಿದೆ.

ಮನಿಗೆ ಬಂದು ಚಪ್ಲಿ ಬಿಡೂಮುಂದ ಮನಸ್ಸಿಗೆ ಹಳಹಳಿ ಆತು. ಅವ್ರು ಕಿಡಕಿ ಬಾಜೂಕ ಮೇಜಿನ ಮ್ಯಾಲೆ ಬಗ್ಗಿ ಕೂತಿದ್ರು. ಈ ಹತ್ತು ತಿಂಗಳದಾಗ ಆ ಮೇಜಿನ ಮ್ಯಾಲೆ ಏನೇನ ಆತು ಅನ್ನೂದು ಗೊತ್ತಿದ್ದಾಕಿ ನಾನು ಒಬ್ಬಾಕಿನ. ಗೊತ್ತಿದ್ದೂ ಎಲ್ಲಾರ ಜೋಡಿ ನಕ್ಕು ಬಂದಿದ್ದೆ. ಅದಕ್ಕ ಈ ಸಲ ಅಡಗಿ ಮಾತು ಬಿಟ್ಟು ಇದನ್ನ ಬರೀಲಿಕ್ಕತ್ತೀನಿ. ಓದಿ ಆಮ್ಯಾಲೆ ನಗ್ರಿ, ಬ್ಯಾಡ ಅನ್ನೂದಿಲ್ಲ.

ನಿಮಗೆಲ್ಲಾ ಗೊತ್ತಿದ್ದದ್ದ, ನಮ್ಮನಿಯವ್ರು ಇಪ್ಪತ್ತು ವರ್ಷ ಏರ್ ಫೋರ್ಸಿನಾಗ ಇದ್ರು. ಹಾರಸೋರಲ್ಲ, ಹಾರೋ ಯಂತ್ರ ತಯಾರು ಮಾಡಿ ನಿಲ್ಲಸೋರು. ನಟ್ಟು, ಬೋಲ್ಟು, ಎಣ್ಣಿ, ಗ್ರೀಸು. ಅದು ಮುಗಿಸಿ ಬ್ಯಾಂಕಿನ ನೌಕರಿ, ಅದೂ ಮುಗೀತು. ಹೋದ ವರ್ಷ ದಸರಾಕ್ಕ ಮಗ ಬೆಂಗಳೂರಿಂದ ಬರೂಮುಂದ ಒಂದು ಡಬ್ಬಿ ತಂದ. ಮ್ಯಾಲೆ ಹೆಲಿಕಾಪ್ಟರ್ ಚಿತ್ರ. ತಗದ್ರ ಒಳಗ ಹೆಲಿಕಾಪ್ಟರ್ ಎಲ್ಲೀದು? ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟು, ಅದಕ್ಕ ಹತ್ತಿಕೊಂಡ ಸಣ್ಣ ಸಣ್ಣ ತುಣುಕು. ಚೌಳಿ ಬೀಜದಷ್ಟು ಒಂದು, ಸಾಸವಿಯಷ್ಟು ಒಂದು. "ಇಷ್ಟು ರೊಕ್ಕ ಕೊಟ್ಟು ಮುರದಿದ್ದು ತಂದೀಯೇನೋ?" ಅಂದೆ. ಮಗ ನಕ್ಕ. ಅವ್ರು ಮಾತ್ರ ಚಿತ್ರಾನ ನೋಡ್ಕೋತ ಕೂತು, "ಇದು ನಮ್ಮ ಚೇತಕ್ ಅದನೋ" ಅಂದ್ರು.

ಚೇತಕ್ ಅಂದ್ರ ರಾಣಾ ಪ್ರತಾಪನ ಕುದುರಿ ಹೆಸರು. ಯಂತ್ರದ ಮೂಲ ಫ್ರಾನ್ಸ್ ದೇಶದ್ದು. ಅಲ್ಲೆ ಅದರ ಹೆಸರು ಅಲೂಯೆಟ್ 3, ಅಂದ್ರ ಹಾಡ್ಕೋತ ಮ್ಯಾಲೆ ಏರೋ ಒಂದು ಸಣ್ಣ ಹಕ್ಕಿ. ಮೊದಲ ಹಾರಿದ್ದು 1959ರಾಗ. ನಮ್ಮ ವಾಯುಸೇನಾಕ್ಕ 1962ರಾಗ ಬಂತು. ಆಮ್ಯಾಲೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನ್ಯಾಗ ಲೈಸೆನ್ಸ್ ತೊಗೊಂಡು ಇಲ್ಲೇ ಕಟ್ಟಲಿಕ್ಕೆ ಸುರು ಮಾಡಿದ್ರು. 2022ರಾಗ ಚೇತಕ್ ಸೇವಾಕ್ಕ 60 ವರ್ಷ ತುಂಬಿದ್ದನ್ನ ಹೈದರಾಬಾದ್ ಹತ್ರದ ಹಕೀಂಪೇಟದಾಗ ದೊಡ್ಡದಾಗಿ ಆಚರಿಸಿದ್ರು. ಪೈಲಟ್ ಹಿಡಿದು ಏಳು ಮಂದಿ ಕೂಡೂವಷ್ಟು ಜಾಗಾ. ಮಾರಿ ತುಂಬ ಕಾಜು, ಹಿಂದ ಬೆನ್ನ ಮ್ಯಾಲೆ ಇಂಜಿನ್ ಬರೇಮೈಲೆ ಕೂತಿರತದ, ಮ್ಯಾಲೆ ಹೊದಿಕಿ ಇಲ್ಲ. ಇದನ್ನೆಲ್ಲಾ ನಾನು ಈ ಹತ್ತು ತಿಂಗಳದಾಗ ಕಲ್ತದ್ದು. ಮದುವಿ ಆಗಿ ಮೂವತ್ತು ಮ್ಯಾಲೆ ವರ್ಷ ಆತು, ಅವ್ರು ಯಾವ ಯಂತ್ರದ ಕೆಳಗ ಮೈ ಕೈ ಎಣ್ಣಿ ಮಾಡ್ಕೋತಿದ್ರು ಅಂತ ಅಲ್ಲೀತನಕ ನಾನು ಕೇಳಿದ್ದಿಲ್ಲ, ಅವ್ರೂ ಹೇಳಿದ್ದಿಲ್ಲ.

ಮಾದರಿ ಅಂದ್ರ ಲೆಕ್ಕದ ಕೆಲಸ. ನಮ್ಮನ್ಯಾಗಿಂದು 72ಕ್ಕ ಒಂದು. ಖರೇ ಚೇತಕ್‌ನ ಪಂಖಾ ಈ ತುದಿಯಿಂದ ಆ ತುದಿಗೆ 11 ಮೀಟರ್; ನಮ್ಮ ಮೇಜಿನ ಮ್ಯಾಲಿಂದು 15 ಸೆಂಟಿಮೀಟರ್. ಐದಡಿ ಎತ್ತರದ ನಾನು ಅದರ ಬಾಜೂಕ ನಿಂತ್ರ 2 ಸೆಂಟಿಮೀಟರ್ ಮ್ಯಾಲೆ ಒಂಚೂರು. ಅಲ್ಲೆ ಒಂದು ಮಿಲಿಮೀಟರ್ ತಪ್ಪಿದ್ರ ಖರೇ ಯಂತ್ರದಾಗ ಏಳು ಸೆಂಟಿಮೀಟರ್ ತಪ್ಪಿಧಂಗ. "ಅಷ್ಟು ತಪ್ಪಿದ ಯಂತ್ರಾ ನಾನು ಹಾರಲಿಕ್ಕೆ ಬಿಡ್ತಿದ್ನೇನು?" ಅಂತಾರ ಅವ್ರು.

ಕೆಲಸ ಹ್ಯಾಂಗ ನಡೀತದ ಅಂದ್ರ ನಮ್ಮ ಅಡಗಿ ಮನಿಗಿಂತ ಭಾಳ ಬ್ಯಾರೆ ಏನಿಲ್ಲ. ಒಂದೊಂದ ತುಣುಕು ಚೌಕಟ್ಟಿನಿಂದ ಸಣ್ಣ ಇಕ್ಕಳದಿಂದ ಕತ್ತರಿಸಬೇಕು, ಕಿತ್ತಬಾರ್ದು. ಕತ್ತರಿಸಿದ ಗುರ್ತು ಉಸುಕಿನ ಕಾಗದದಿಂದ ತಿಕ್ಕಬೇಕು, ಮೊದಲ 400 ನಂಬರಿಂದು, ಆಮ್ಯಾಲೆ 1000ದ್ದು ನೀರು ಹಚ್ಚಿ. ಅಂಟು ಹಚ್ಚೂಕಿಂತ ಮೊದಲ ಹಂಗ ಜೋಡಿಸಿ ನೋಡಬೇಕು, ಎಣ್ಣಿಗೆ ಬಿಡೂಕಿಂತ ಮೊದಲ ಕಡಬಿನ ಅಂಚು ನೋಡಿಧಂಗ. ಆ ಅಂಟು ಸೈತ ನಾವು ತಿಳ್ಕೊಂಡಂಥಾದ್ದಲ್ಲ. ಎರಡೂ ಕಡೆ ಪ್ಲಾಸ್ಟಿಕ್ ಒಂಚೂರು ಕರಗಿಸಿ ಒಂದ ಮಾಡಿಬಿಡ್ತದ. ಕಾಜಿಗೆ ಮಾತ್ರ ಅದೂ ಬ್ಯಾಡ, ಫೆವಿಕ್ವಿಕ್ಕೂ ಬ್ಯಾಡ; ಹಚ್ಚಿದ್ರ ಬೆಳ್ಳಗ ಮಂಜು ಕೂಡತದ. ಅಲ್ಲೆ ನಮ್ಮ ಮಕ್ಕಳ ಸಾಲಿ ಫೆವಿಕಾಲ್ ಬೇಕು. ಒಣಗಿದ ಮ್ಯಾಲೆ ಪಾರದರ್ಶಕ ಆಗ್ತದ.

ಇಂಜಿನ್ನಿನ ನಳಗಿ ಡಬ್ಬ್ಯಾಗ ಕೊಟ್ಟಿದ್ದು ದಪ್ಪ ಇದ್ವು, ಅವ್ರ ಮನಸ್ಸಿಗೆ ಬರ್ಲಿಲ್ಲ. ಖಾಲಿ ಚೌಕಟ್ಟಿನ ಕಡ್ಡಿ ಮೇಣಬತ್ತಿ ಮ್ಯಾಲೆ ಹಿಡದು, ಮೆತ್ತಗ ಆದ ಕೂಡ್ಲೆ ಎರಡೂ ಕಡೆ ಜಗ್ಗಿದ್ರು. ಕೂದಲೆಳಿಯಷ್ಟು ದಾರ ಬಂತು. ಒಂದೆಳಿ ಪಾಕ ನೋಡಿಧಂಗ ಆತು ನಂಗ. ಮೂರು ಸಲ ಹರೀತು. ನಾನು ದೂರ ನಿಂತು, "ಇನ್ನೊಂಚೂರು ತಡೀರಿ, ಉರಿಯಿಂದ ತಗದು ಒಂದು ಉಸಿರು ಬಿಟ್ಟು ಜಗ್ರಿ" ಅಂದೆ. ಬಂತು. ಅವತ್ತ ಮೊದಲ ಸಲ ನನ್ನ ಮಾರಿ ನೋಡಿ, "ನಿಂಗ ಹ್ಯಾಂಗ ಗೊತ್ತಾತು?" ಅಂದ್ರು. ಮೂವತ್ತು ವರ್ಷ ಪಾಕ ಮಾಡಿದಾಕಿಗೆ ಗೊತ್ತಾಗದs ಇರತದೇನು?

ಆದ್ರ ಮೊದಲ ನಾನು ಇಷ್ಟು ಶಾಣ್ಯಾ ಇದ್ದಿದ್ದಿಲ್ಲ. ಆ ಕಿಡಕಿ ಬಾಜೂಕಿನ ಮೇಜು ನಂದು. ನನ್ನ ಹೊಲಿಗಿ, ನನ್ನ ದಿನಸಿ ಯಾದಿ, ನನ್ನ ಪುಸ್ತಕ. ಒಂದು ವಾರದಾಗ ಅದರ ಮ್ಯಾಲೆ ಬಣ್ಣದ ಬಾಟ್ಲಿ, ಬ್ಲೇಡು, ಚಿಮಟಿಗಿ ಬಂದು ಕೂತ್ವು. "ಮುಟ್ಟಬ್ಯಾಡ" ಅನ್ನೋ ಆರ್ಡರ್ ಬ್ಯಾರೆ. ನಂಗ ಒಳಗ ಸಿಟ್ಟು. ದೀಪಾವಳಿ ಸ್ವಚ್ಛತಾಕ್ಕ ಕೂತಾಗ ಮೇಜಿನ ತುದಿಗೆ ಬಿದ್ದಿದ್ದ ಪ್ಲಾಸ್ಟಿಕ್ ಚೀಲ, ಚೂರು ಎಲ್ಲಾ ಬಳದು ಕಸದ ಗಾಡಿಗೆ ಹಾಕಿಬಿಟ್ಟೆ. ಅದರಾಗ ಒಂದು ಕಡೆ ಬಾಗಲದ ಕಾಜು ಹೋತು. ಉಗುರಿನಷ್ಟು ಇತ್ತಂತ.

ಅವ್ರು ಬೈದಿದ್ರ ಛೊಲೊ ಇರ್ತಿತ್ತು. ಎರಡು ದಿನ ಮೇಜಿನ ಹತ್ರನ ಹೋಗ್ಲಿಲ್ಲ. ಟಿವಿ ಮುಂದ ಕೂತು ಅದ ಸುದ್ದಿ ಹತ್ತು ಸಲ ನೋಡಿದ್ರು. ಮೂರನೇ ದಿನ ನಾನ ಫರಾಳದ ಡಬ್ಬಿಯ ಪಾರದರ್ಶಕ ಮುಚ್ಚಳ ತೊಳದು ಒರಸಿ ಮುಂದಿಟ್ಟು, "ಇದರಾಗ ಕತ್ತರಿಸಲಿಕ್ಕೆ ಬರ್ತದೇನ್ರಿ?" ಅಂದೆ. ತಿರುಗಿಸಿ ನೋಡಿದ್ರು, ಬೆಳಕಿಗೆ ಹಿಡದ್ರು. ಬಾಗಲದ ಕಾಜು ಚಪ್ಪಟಿನ ಇರತದ, ಅದಕ್ಕ ಬಂತು. ಮುಂದಿನ ಮಾರಿ ಕಾಜು ಹೋಗಿದ್ರ ಆಗ್ತಿದ್ದಿಲ್ಲ. ಅದು ಉಬ್ಬಿದ್ದು, ಮನ್ಯಾಗ ಮಾಡಲಿಕ್ಕೆ ಬರೂದಿಲ್ಲ. ಈಗೂ ಆ ಎಡಗಡೆ ಬಾಗಲ ನೋಡಿದ್ರ ನಂಗ ಚಕ್ಕಲಿ ಡಬ್ಬಿ ನೆನಪಾಗ್ತದ.

ಅಲ್ಲಿಂದ ನಂಗ ಆ ಮೇಜಿನ್ಯಾಗ ಕೆಲಸ ಸಿಕ್ತು. ಅವ್ರ ಕೈ ಈಗ ಒಂಚೂರು ನಡಗತದ, ಮುಂಜಾನಿ ಭಾಳ. ಪೈಲಟ್ ಸೀಟಿನ ಪಟ್ಟಿ ಹಚ್ಚಬೇಕು. ಅಗಲ ಒಂದು ಮಿಲಿಮೀಟರಿಗೂ ಕಮ್ಮಿ. ಕಾಗದದ ಅಂಟುಪಟ್ಟಿ ಬ್ಲೇಡಿನಿಂದ ಸೀಳಿ, ಚಿಮಟಿಗ್ಯಾಗ ಹಿಡದು ಸೀಟಿನ ಮ್ಯಾಲೆ ಇಳಿಬಿಡಬೇಕು. ಅದನ್ನ ನಾ ಮಾಡಿದೆ. ಕಸೂತಿ ಹಾಕೋ ಕೈ ಇದು, ದಾರ ಎಣಿಸೋ ಕಣ್ಣು ಇದು. ಚಾಳೀಸ ಹಾಕ್ಕೊಂಡು ಕೂತ್ರ ಬರತದ. ಸೀಟಿನ ಕೆಳಗ ಸಣ್ಣ ನಟ್ಟು ಅಂಟಿಸಿದ್ರು, ಬಾಲದ ಕಡೆ ವಜ್ಜಿ ಆಗಿ ಹಿಂದಕ್ಕ ಕೂಡಬಾರ್ದು ಅಂತ. ಮುಂದ ಪೂರಾ ಕಾಜು, ವಜ್ಜಿ ಇಡಲಿಕ್ಕೆ ಬ್ಯಾರೆ ಜಾಗಾನ ಇಲ್ಲ.

ಒಂದಿನ ಕೇಳಿದೆ, "ಅಲ್ರೀ, ಬಾಗಲ ಮುಚ್ಚಿದ ಮ್ಯಾಲೆ ಒಳಗಿಂದು ಅರ್ಧಾ ಕಾಣೂದಿಲ್ಲ. ಯಾಕ ಇಷ್ಟು ಒದ್ದಾಟ?"

"ನಿನ್ನ ಕಸೂತಿ ಹಿಂದಿನ ಮಗ್ಗಲ ಯಾರು ನೋಡ್ತಾರ?" ಅಂದ್ರು.

ನನ್ನ ಬಾಯಿ ಮುಚ್ಚಿತು. ನಿಮಗೂ ಗೊತ್ತು, ಗವಂತಿ ಹಾಕೂಮುಂದ ಗಂಟು ಹಾಕಂಗಿಲ್ಲ. ಮುಂದ ಹ್ಯಾಂಗೋ ಹಿಂದೂ ಹಂಗ ಕಾಣಬೇಕು. ಸೆರಗು ತಿರುವಿ ನೋಡೋ ಅತ್ತಿಯಂದ್ರು ಈಗ ಇಲ್ಲ, ಆದ್ರೂ ಗಂಟು ಹಾಕಲಿಕ್ಕೆ ನಮ್ಮ ಕೈ ಒಪ್ಪೂದಿಲ್ಲ.

ಸಂಕ್ರಾಂತಿ ಆಜೂಬಾಜೂ ಇನ್ನೊಂದು ಕೆಲಸ ಸುರು ಮಾಡಿದ್ರು. ಚೇತಕ್‌ನ ಹಿಂದಿನ ಸೀಟು ಮಡಚಿ ಎರಡು ಸ್ಟ್ರೆಚರ್ ಇಡಲಿಕ್ಕೆ ಬರ್ತದಂತ. ಡಬ್ಬ್ಯಾಗ ಅದು ಇದ್ದಿಲ್ಲ. ತಾಮ್ರದ ತಂತಿ ಬಗ್ಗಿಸಿ ಚೌಕಟ್ಟು ಮಾಡಿದ್ರು. ಹಾಸಲಿಕ್ಕೆ, ಹೊದಿಸಲಿಕ್ಕೆ ಟಿಶ್ಯೂ ಕಾಗದ ಫೆವಿಕಾಲ್ ನೀರಾಗ ಎದ್ದಿ, ಸುಕ್ಕು ಬೀಳುವಂಗ ಇಟ್ರು. ಮೂರು ಸೆಂಟಿಮೀಟರೂ ಇಲ್ಲದ ಹಾಸಿಗಿ. ಅದನ್ನ ಮಾಡ್ಕೋತ, ತಲಿ ಎತ್ತದ ಹೇಳಿದ್ರು.

ಈಶಾನ್ಯದ ಕಡೆ ಇದ್ದಾಗ ಒಂದು ಸಂಜಿಮುಂದ ಮಳ್ಯಾಗ ಚೇತಕ್ ಇಳೀತಂತ. ಮ್ಯಾಲೆ ಗುಡ್ಡದ ಪೋಸ್ಟಿನಿಂದ ಇಬ್ಬರನ್ನ ತಂದಿತ್ತು. ಪಂಖಾ ನಿಂತ ಕೂಡ್ಲೆ ಇವ್ರೆಲ್ಲಾ ಓಡಿ ಹೋಗಿ ಸ್ಟ್ರೆಚರ್ ಇಳಿಸಿದ್ರು. ಒಬ್ಬ ಹುಡುಗ, ಇನ್ನೂ ಮೀಸಿ ಸರಿಯಾಗಿ ಬಂದಿದ್ದಿಲ್ಲ, ಇವ್ರ ಮುಂಗೈ ಹಿಡಕೊಂಡ. ಬಿಡ್ಲೇ ಇಲ್ಲ. ಆಂಬುಲೆನ್ಸ್ ತನಕ ಇವ್ರು ಬಗ್ಗಿಕೊಂಡ ಅವನ ಜೋಡಿ ನಡದ್ರು. "ಟೈಂ ಎಷ್ಟ್ರಿ?" ಅಂತ ಹಿಂದ್ಯಾಗ ಕೇಳಿದ್ನಂತ. ಇವ್ರು ಹೇಳಿದ್ರು. ಮತ್ತ ಕೇಳಿದ. ಮತ್ತ ಹೇಳಿದ್ರು.

"ಆಮ್ಯಾಲೆ?" ಅಂದೆ.

"ಆಮ್ಯಾಲೆ ಏನಾತು ಅಂತ ನಮಗ ಯಾರೂ ಹೇಳ್ಲಿಲ್ಲ. ನಾವು ಬಂದು ಒಳಗಿನ ನೆಲಾ ತೊಳದ್ವಿ. ಮುಂಜಾನಿ ಅದು ಮತ್ತ ಹಾರಬೇಕಿತ್ತು."

ಅಷ್ಟ ಹೇಳಿ ಮತ್ತ ತಂತಿ ಹಿಡಕೊಂಡ್ರು. ನಾನು ಲೆಕ್ಕಾ ಹಾಕಿದೆ. ಅವಾಗ ನಾನು ಧಾರವಾಡದಾಗ ಅತ್ತಿ ಮನ್ಯಾಗ, ಮಗ ಹೊಟ್ಟ್ಯಾಗ. ಪ್ರತಿ ವಾರ ಇನ್‌ಲ್ಯಾಂಡ್ ಪತ್ರ ಬರ್ತಿತ್ತು. "ಇಲ್ಲೆ ಮಳಿ ಭಾಳ. ನಾನು ಆರಾಮ ಇದ್ದೀನಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು." ಅದನ್ನ ಓದಿ ನಾನು, ಎರಡು ಸಾಲು ಹೆಚ್ಚಿಗಿ ಬರೀಲಿಕ್ಕೂ ಇವ್ರಿಗೆ ಪುರುಸೊತ್ತಿಲ್ಲ ಅಂತ ಸಿಟ್ಟು ಮಾಡ್ಕೋತಿದ್ದೆ. ನೆಲಾ ತೊಳದ ಕೈಲೆ ಇನ್ನೇನು ಬರೀಬೇಕಿತ್ತು ಅವ್ರು?

ಎದುರಾ ಬದುರಾ ಕೂಡಿಸಿ ಕೇಳಿದ್ರ ಅವ್ರು ಇದನ್ನ ಎಂದೂ ಹೇಳ್ತಿದ್ದಿಲ್ಲ. ಕೈಯಾಗ ಕೆಲಸ ಇತ್ತು, ಕಣ್ಣು ಕೆಳಗ ಇತ್ತು, ಅದಕ್ಕ ಬಾಯಿ ಬಿಚ್ಚಿತು. ಇದು ನಮಗ ಹೊಸಾದೇನಲ್ಲ. ಶಾಂವಿಗಿ ಹೊಸಿಯೂಮುಂದ, ಹಪ್ಪಳ ಲಟ್ಟಿಸೂಮುಂದ ನಾವು ಎಷ್ಟು ದುಃಖ ಹೇಳ್ಕೊಂಡಿಲ್ಲ? ಗಂಡಸ್ರಿಗೆ ಹಪ್ಪಳದ ಮಣಿ ಇಲ್ಲ, ಅಷ್ಟ.

"ಯುದ್ಧದ ಸಾಮಾನು ಮನಿ ಶೋಕೇಸಿನ್ಯಾಗ ಯಾಕವ್ವಾ?" ಅಂತ ನನ್ನ ತಂಗಿ ಕೇಳಿದ್ಲು. ಕೇಳೂದು ತಪ್ಪಲ್ಲ. ನಂಗೂ ಮೊದಲ ಹಂಗ ಅನಿಸಿತ್ತು. ಆದ್ರ ನಮ್ಮನಿ ಚೇತಕ್‌ಗೆ ಬಂದೂಕಿಲ್ಲ, ಎರಡು ಹಾಸಿಗಿ ಅವ. ಬಾಗಲ ಮುಚ್ಚ್ಯದ, ನಿಮಗ ಕಾಣೂದಿಲ್ಲ. ನಂಗ ಗೊತ್ತು, ಅವ್ರಿಗೆ ಗೊತ್ತು.

ಕೊನೀಗೆ ಬಣ್ಣ. ಡಬ್ಬ್ಯಾಗ ಕೊಟ್ಟ ಗುರ್ತಿನ ಚೀಟಿ ಫ್ರಾನ್ಸ್ ದೇಶದ್ದು. ನಮ್ಮ ವಾಯುಸೇನಾದ ಗುರ್ತು ಹೊರಗ ಕೇಸರಿ, ನಡುವ ಬಿಳಿ, ಒಳಗ ಹಸರು ವರ್ತುಲ. ಮಗ ಬ್ಯಾರೆ ಚೀಟಿ ಕಳಿಸಿದ. ಉಗುರುಬೆಚ್ಚಗಿನ ನೀರಾಗ ಎದ್ದಿ, ಕಾಗದದ ಮ್ಯಾಲಿಂದ ಜಾರಿಸಿ ಕೂಡಿಸಬೇಕು. ಹೊಳಪಿನ ಬಣ್ಣದ ಮ್ಯಾಲೆ ಕೂಡಿಸಿದ್ರನ ಛೊಲೊ ಕೂಡತದ, ಆಮ್ಯಾಲೆ ಮ್ಯಾಲೆ ಹೊಳಪು ಮುರಿಯೋ ವಾರ್ನಿಸ್. ಒಂದು ಹರದು ಹೋತು, ಅವ್ರ ಕೈ ನಡಗಿತು. ಉಳದ ಒಂದು ನಾನು ಬರದೆ. ಆರು ಮಿಲಿಮೀಟರ್ ಅಗಲ, ನಮ್ಮ ಕುಂಕಮದ ಬೊಟ್ಟಿನಷ್ಟು. ದಿನಾ ಕನ್ನಡಿ ಮುಂದ ಅದನ್ನ ದುಂಡಗ ಇಡೋ ನಂಗ ಇದೇನು ಹೊಸಾದು? ಆದ್ರೂ ಮೂರು ಸಲ ಒರಸಿ ನಾಲ್ಕನೇ ಸಲ ಬಂತು.

ಪಂಖಾದ ಮೂರು ಎಲಿ ಡಬ್ಬ್ಯಾಗ ನೆಟ್ಟಗ ಇದ್ವು. ಖರೇ ಯಂತ್ರ ನೆಲದ ಮ್ಯಾಲೆ ನಿಂತಾಗ ಎಲಿ ತಮ್ಮ ವಜ್ಜಿಗೆ ತುದ್ಯಾಗ ಒಂಚೂರು ಜೋತು ಬೀಳ್ತಾವಂತ. ಬಿಸಿನೀರಾಗ ಎದ್ದಿ ಮೂರನ್ನೂ ಸಮಾ ಬಗ್ಗಿಸಿದ್ರು. ಅವತ್ತ ಅದು ಆಟಿಗಿ ಸಾಮಾನಿನಂಗ ಕಾಣೂದು ಬಿಟ್ಟಿತು. ಕೆಲಸ ಮುಗಿಸಿ ದಣದು ನಿಂಧಂಗ ಕಂಡಿತು.

ಈಗ ನನ್ನ ಮಾತು. ಇದು ಗಂಡಸ್ರ ವಕಾಲತ್ತು ಅಂತ ತಿಳೀಬ್ಯಾಡ್ರಿ.

ಅವ್ರ ಹೆಲಿಕಾಪ್ಟರಿಗೆ ಒಂದು ಮೇಜು ಸಿಕ್ತು. "ಮುಟ್ಟಬ್ಯಾಡ್ರಿ" ಅಂದ್ರ ಮನಿ ಮಂದಿ ಎಲ್ಲಾ ಮುಟ್ಟಲಿಲ್ಲ. ಬಂದವ್ರಿಗೆ ತೋರಿಸಿದ್ರು, ಮಗ ಫೋಟೋ ತಗದ. ಅದಕ್ಕ ಹೆಸರು ಹವ್ಯಾಸ. ನನ್ನ ಅವ್ವ ಅರ್ಧಾಕ್ಕ ಬಿಟ್ಟು ಹೋದ ಚಂದ್ರಕಾಳಿ ಸೀರಿ ಒಂದು ನನ್ನ ಟ್ರಂಕಿನ್ಯಾಗ ಅದ. ಸೆರಗಿಗೆ ತೇರು, ಗೋಪುರ ಅರ್ಧಾ ಹಾಕ್ಯಾಳ. ಅದನ್ನ ಪೂರಾ ಮಾಡ್ಬೇಕಂತ ಎಷ್ಟೋ ಸಲ ತಗದೀನಿ. ಕುಕ್ಕರ್ ಸೀಟಿ ಹೊಡೀತಂದ್ರ ಸುತ್ತಿ ಇಡೂದು, ಯಾರರೆ ಬಂದ್ರಂದ್ರ ಸುತ್ತಿ ಇಡೂದು. ಅದಕ್ಕ ಹೆಸರು ಟೈಂಪಾಸ್. ಹೆಸರಿಟ್ಟವ್ರು ಯಾರು? ಯಾರೂ ಅಲ್ಲ, ನಾನ. "ಏನಿಲ್ಲ ಬಿಡ್ರಿ, ಸುಮ್ನ ಟೈಂಪಾಸಿಗೆ" ಅಂತ ನಾನ ಹೇಳಿ ಹೇಳಿ ಸೀರಿ ಟ್ರಂಕಿಗೆ ಹೋತು. ಮೇಜು ಕೊಟ್ಟಾಕಿನೂ ನಾನ. ಯಾರೂ ಕಸಗೊಂಡಿದ್ದಿಲ್ಲ.

ಅದಕ್ಕ ಕುಂಕಮದ ಮನ್ಯಾಗ ಆ ನಗು ಕೇಳಿ ಬಂದಾಗ ನಂಗ ಇದು ತಿಳೀತು. ಲಕ್ಷ್ಯ ಕೊಟ್ಟು, ಕಾಣದ ಮಗ್ಗಲನೂ ನೆಟ್ಟಗ ಮಾಡೋ ಕೆಲಸಕ್ಕ ನಾವು ನಗಬಾರ್ದು, ಅದು ಗಂಡಸ್ರದಿರಲಿ, ನಮ್ಮದಿರಲಿ. ಅವ್ರದಕ್ಕ ಆಟಿಗಿ ಅಂದಾಕಿ ತನ್ನದಕ್ಕ ಟೈಂಪಾಸ್ ಅಂತಾಳ. ಎರಡೂ ಒಂದ ಬಾಯಾಗಿಂದ ಬರೂ ಮಾತು.

"ಹಂಗಾರ ಅವ್ರು ಮೇಜಿನ ಮುಂದ ಕೂತ್ರ ಮನಿ ಕೆಲಸ ಯಾರು ಮಾಡ್ಬೇಕು?" ಅಂತ ನೀವು ಕೇಳ್ತೀರಿ. ಕೇಳಲೇಬೇಕು. ನಮ್ಮನ್ಯಾಗ ಈಗ ಚವಳಿಕಾಯಿ ಬಿಡಿಸೂದು, ಬಳ್ಳೊಳ್ಳಿ ಸುಲಿಯೂದು ಅವ್ರ ಕೆಲಸ. ಸಾಸವಿಯಷ್ಟು ಪ್ಲಾಸ್ಟಿಕ್ ಹಿಡಿಯೋ ಬೆರಳಿಗೆ ಬಳ್ಳೊಳ್ಳಿ ಏನು ಕಷ್ಟ? ಬಣ್ಣ ಬಳಿಯೂಮುಂದ ಕಿಡಕಿ ತಗದಿರಬೇಕು, ಆ ವಾಸನಿ ತಲಿಗೆ ಏರತದ. ಬ್ಲೇಡು ಮೊಮ್ಮಗನ ಕೈಗೆ ಸಿಗದಂಗ ಡಬ್ಬ್ಯಾಗ ಇರಬೇಕು. ಇವು ನನ್ನ ಆರ್ಡರ್. ನಾನೂ ಒಂದು ಕಲ್ತೀನಿ: ಆ ಮೇಜಿನ ಧೂಳು ಅರಬಿಯಿಂದ ಹೊಡಿಯೂದಿಲ್ಲ, ಮೆತ್ತನ್ನ ಕುಂಚದಿಂದ. ಮತ್ತ ಯಾವ ಪ್ಲಾಸ್ಟಿಕ್ ಚೂರನ್ನೂ ಕೇಳದ ಒಗ್ಯೂದಿಲ್ಲ.

ಆ ಶುಕ್ರವಾರ ಸಂಜಿಕ ಚಹಾ ಕೊಟ್ಟು ಹೇಳಿದೆ, "ಈ ಮೇಜು ಅರ್ಧಾ ನಂದು." "ಅದರಾಗ ಕೇಳೂದೇನದ?" ಅಂದ್ರು. ಮರುದಿನ ಮುಂಜಾನಿ ಎದ್ದು ನೋಡಿದ್ರ ಬಣ್ಣದ ಬಾಟ್ಲಿ ಎಲ್ಲಾ ಒಂದ ಕಡೆ ಸರದಿದ್ವು. ಮೇಜಿನ ನಟ್ಟನಡುವ, ಅಳತಿ ಹಿಡದು, ಅಂಟುಪಟ್ಟಿಯ ಒಂದು ಗೆರಿ. ಒಂದು ಮಿಲಿಮೀಟರೂ ಆಚೀಚೆ ಇಲ್ಲ!

ಗೆರಿಯ ಈ ಕಡೆ ಈಗ ಅವ್ವನ ಸೀರಿ ಅದ. ದಿನಾ ನಾಲ್ಕರಿಂದ ಆರು. ಕುಕ್ಕರ್ ಸೀಟಿ ಹೊಡದ್ರ ಹತ್ರ ಇದ್ದವ್ರು ಏಳಬೇಕು, ಸೀರಿ ಸುತ್ತಂಗಿಲ್ಲ. ತೇರಿನ ಒಂದು ಗಾಲಿ ಮುಗದದ. ಅವ್ವ ಹಾಕಿದ ಹೊಲಿಗಿ ಎಲ್ಲಿ ಮುಗೀತು, ನಂದು ಎಲ್ಲಿ ಸುರು ಆತು ಅಂತ ತಿರುವಿ ನೋಡಿದ್ರೂ ತಿಳೀಬಾರ್ದು, ಅಷ್ಟ ನನ್ನ ಆಶಾ.

ಮುಂದಿನ ಶುಕ್ರವಾರ ನಮ್ಮನ್ಯಾಗ ಕುಂಕಮ ಇಟ್ಟೀನಿ. ಎಲ್ಲಾರೂ ಬರ್ರಿ, ಗಿರಮಿಟ್ ಮಾಡ್ತೀನಿ. ಆ ದಿನ ಕೇಳಿದ ವೈನಿನೂ ಬರ್ಲಿ. ಹೆಲಿಕಾಪ್ಟರ್ ನೋಡ್ರಿ, ಸೀರಿನೂ ನೋಡ್ರಿ. ಎರಡನ್ನೂ ಕೈ ಹಚ್ಚದ ನೋಡ್ರಿ ಮತ್ತ.